ರೋಗದ ಲೆಕ್ಕ ಹಾಕುವ ಓದು: ನಮ್ಮ ಹೆಣ್ಣುಮಕ್ಕಳಿಗೂ ಇದೆ ದಾರಿ



“ನನ್ನ ಮಗಳು ಬಿ.ಎಸ್ಸಿ. ಮುಗಿಸ್ಯಾಳ್ರೀ. ಡಾಕ್ಟರ್ ಓದಸಾಕ ನಮ್ಮ ಕೈಲಿ ಆಗಲಿಲ್ಲ. ಟೀಚರ್ ಆಗು ಅಂದ್ರ ಒಲ್ಲೆ ಅಂತಾಳ. ಮುಂದ ಏನ್ ಮಾಡೂದು?” ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇಂಥ ಮಾತು ಬರುತ್ತದೆ. “ಇನ್ನೇನ್ ಓದಸ್ತಿ, ಗಂಡು ನೋಡು” ಎಂದು ಯಾರೋ ಹೇಳುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಆರೋಗ್ಯ ಕ್ಷೇತ್ರದಲ್ಲಿ ಡಾಕ್ಟರ್, ನರ್ಸ್ ಬಿಟ್ಟು ಬೇರೆ ಓದೂ ಇದೆ. ಅದರ ಬಗ್ಗೆ ಈ ಸಲ ತಿಳಿಯೋಣ.

ಏನಿದು ಓದು?

ಡಾಕ್ಟರ್ ಒಬ್ಬ ರೋಗಿಯನ್ನು ನೋಡುತ್ತಾರೆ. ಎಪಿಡೆಮಿಯಾಲಜಿ ಓದಿದವರು ಇಡೀ ಊರನ್ನು ನೋಡುತ್ತಾರೆ. ರೋಗ ಯಾರಿಗೆ ಬಂತು, ಯಾವ ಓಣಿಯಲ್ಲಿ ಬಂತು, ಯಾವಾಗ ಬಂತು, ಯಾಕೆ ಬಂತು ಎಂದು ಹುಡುಕುತ್ತಾರೆ. ಬಯೋಸ್ಟ್ಯಾಟಿಸ್ಟಿಕ್ಸ್ ಎಂದರೆ ಆ ಹುಡುಕಾಟಕ್ಕೆ ಬೇಕಾದ ಲೆಕ್ಕ. ಎಷ್ಟು ಜನರನ್ನು ಕೇಳಬೇಕು, ಬಂದ ಉತ್ತರವನ್ನು ಎಷ್ಟು ನಂಬಬಹುದು ಎಂದು ಅದು ಹೇಳುತ್ತದೆ.

1854ರಲ್ಲಿ ಲಂಡನ್ನಿನ ಒಂದು ಭಾಗದಲ್ಲಿ ಕಾಲರಾ ಬಂತು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಆಗ ಹೆಚ್ಚಿನವರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು ಮನೆ ಮನೆಗೆ ಹೋಗಿ ವಿಚಾರಿಸಿ, ಸತ್ತವರ ಲೆಕ್ಕ ಬರೆದರು. ಹೆಚ್ಚಿನವರು ಒಂದೇ ಪಂಪಿನ ನೀರು ಕುಡಿದಿದ್ದರು. ಆ ಪಂಪಿನ ಹಿಡಿಕೆಯನ್ನು ತೆಗೆಸಲಾಯಿತು. ಔಷಧ ಕೊಡದೆ, ಬರೀ ಲೆಕ್ಕದಿಂದ ಅವರು ರೋಗದ ಮೂಲ ತೋರಿಸಿದರು. ನರ್ಸ್ ಎಂದೇ ನಾವು ಬಲ್ಲ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಸೈನಿಕರ ಸಾವಿನ ಲೆಕ್ಕವಿಟ್ಟು ಸರ್ಕಾರದ ಕಣ್ಣು ತೆರೆಸಿದವರು.

ನಮ್ಮ ಜಿಲ್ಲೆಯಲ್ಲೇ ನಡೆದ ಕೆಲಸ

ದೂರದ ಮಾತು ಬೇಡ. 2000ದ ದಶಕದ ಆರಂಭದಲ್ಲಿ ಬಾಗಲಕೋಟೆ ಜಿಲ್ಲೆಯ ಹಳ್ಳಿ ಮತ್ತು ಪಟ್ಟಣಗಳಲ್ಲಿ ಎಚ್.ಐ.ವಿ. ಸಮೀಕ್ಷೆ ನಡೆಯಿತು. ಅದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಪರೀಕ್ಷೆ ಮಾಡಿಸಿಕೊಂಡ ವಯಸ್ಕರಲ್ಲಿ 100ಕ್ಕೆ ಸುಮಾರು 3 ಮಂದಿಗೆ ಸೋಂಕು ಇತ್ತು. ‘ಇದು ಪ್ಯಾಟಿ ಮಂದಿ ರೋಗ’ ಎಂಬ ಮಾತು ಸುಳ್ಳಾಯಿತು. ಹಳ್ಳಿಗಳಲ್ಲೂ ಸೋಂಕು ಇತ್ತು, ಅದೂ ಎಲ್ಲ ಕಡೆ ಒಂದೇ ಸಮನಾಗಿ ಇರಲಿಲ್ಲ. ಎಲ್ಲಿ ಎಷ್ಟಿದೆ ಎಂದು ಗೊತ್ತಾದರೆ ತಾನೇ ಪರೀಕ್ಷೆ, ಔಷಧ, ಅರಿವು ಎಲ್ಲಿಗೆ ಮೊದಲು ಹೋಗಬೇಕು ಎಂದು ತಿಳಿಯುವುದು?

ಇಂಥ ಪ್ರಶ್ನೆಗಳು ಇನ್ನೂ ಇವೆ. ಕಲ್ಲಿನ ಗಣಿಯಲ್ಲಿ ದುಡಿಯುವವರ ಕೆಮ್ಮು, ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲಿನ ಕಲೆ, ಮಗ್ಗದ ಮುಂದೆ ಕೂರುವವರ ಸೊಂಟನೋವು. ಇವುಗಳ ಲೆಕ್ಕವನ್ನು ನಮ್ಮ ಮಾತು ಬಲ್ಲ ಹುಡುಗಿಯೇ ಹಾಕಿದರೆ, ಹೆಂಗಸರು ಮನಸ್ಸು ಬಿಚ್ಚಿ ಉತ್ತರ ಹೇಳುತ್ತಾರೆ.

ಯಾರು ಅರ್ಜಿ ಹಾಕಬಹುದು?

ಎಂ.ಎಸ್ಸಿ. ಬಯೋಸ್ಟ್ಯಾಟಿಸ್ಟಿಕ್ಸ್‌ಗೆ ಸಾಮಾನ್ಯವಾಗಿ ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಓದಿರಬೇಕು. ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜುಗಳಲ್ಲಿ ಈ ಓದು ಇದೆ.

ಎಪಿಡೆಮಿಯಾಲಜಿಯನ್ನು ಹೆಚ್ಚಾಗಿ ಎಂ.ಪಿ.ಎಚ್., ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯಲ್ಲಿ ಕಲಿಸುತ್ತಾರೆ. ನಮಗೆ ಹತ್ತಿರದ ಬೆಳಗಾವಿಯ ಕೆ.ಎಲ್.ಇ.ಯಲ್ಲೂ ಇದು ಇದೆ. ಕೆಲವು ಕಡೆ ಬೇರೆ ಪದವೀಧರರಿಗೂ ಅವಕಾಶ ಉಂಟು. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯಂಥ ಕಡೆ ವೈದ್ಯಕೀಯ, ಆರೋಗ್ಯ ಕ್ಷೇತ್ರದವರಿಗೆ ಆದ್ಯತೆ. ಆದ್ದರಿಂದ ಪ್ರಾಸ್ಪೆಕ್ಟಸ್ ಪೂರ್ತಿ ಓದದೆ ದುಡ್ಡು ಕಟ್ಟಬೇಡಿ.

ಒಂದು ಮಾತು ನೆನಪಿರಲಿ. ಈ ದಾರಿ ಪಿ.ಯು.ಸಿ.ಯಿಂದಲೇ ಶುರು. “ಹುಡುಗಿಗೆ ಗಣಿತ ಯಾಕ?” ಎಂದು ಅಂದು ಬಿಡಿಸಿದರೆ, ಐದು ವರ್ಷದ ನಂತರ ಬಯೋಸ್ಟ್ಯಾಟಿಸ್ಟಿಕ್ಸ್ ಬಾಗಿಲು ಮುಚ್ಚಿರುತ್ತದೆ.

ಅರ್ಜಿ ಹಾಕುವಾಗ

1. ಅರ್ಜಿ ವರ್ಷಕ್ಕೊಮ್ಮೆ ಕರೆಯುತ್ತಾರೆ. ಪದವಿಯ ಕೊನೆಯ ವರ್ಷದಿಂದಲೇ ಸಂಸ್ಥೆಯ ಸ್ವಂತ ವೆಬ್‌ಸೈಟ್ ನೋಡುತ್ತಿರಬೇಕು. ಸೀಟು ಕಡಿಮೆ, ಎರಡು ಮೂರು ಕಡೆ ಅರ್ಜಿ ಹಾಕುವುದು ಒಳ್ಳೆಯದು. ಸೀಟು ಕೊಡಿಸುತ್ತೇವೆ ಎನ್ನುವ ಏಜೆಂಟರನ್ನು ನಂಬಬೇಡಿ.

2. ಎಸ್ಸೆಸ್ಸೆಲ್ಸಿಯಿಂದ ಪದವಿವರೆಗಿನ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಿದ್ಧವಿರಲಿ. ಎಲ್ಲದರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ನಿಮ್ಹಾನ್ಸ್ ಕೇಂದ್ರದ ಸಂಸ್ಥೆ. ಅಲ್ಲಿ ಹಿಂದುಳಿದ ವರ್ಗದ ಮೀಸಲಾತಿಗೆ ನಮ್ಮ ರಾಜ್ಯದ 2ಎ, 3ಬಿ ಪತ್ರ ಸಾಲದು. ಜಾತಿಯು ಕೇಂದ್ರದ ಪಟ್ಟಿಯಲ್ಲಿದ್ದರೆ, ಕೇಂದ್ರದ ನಮೂನೆಯ ಒ.ಬಿ.ಸಿ. ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಿಂದ ಬೇರೆಯಾಗಿ ಪಡೆಯಬೇಕು. ಕೊನೇ ದಿನ ಓಡಾಡಿದರೆ ಸಿಗೋದಿಲ್ಲ.

3. ಪ್ರವೇಶ ಪರೀಕ್ಷೆ ಇದ್ದರೆ ಪದವಿಯ ಗಣಿತ, ಸಂಖ್ಯಾಶಾಸ್ತ್ರದ ಪುಸ್ತಕಗಳನ್ನೇ ಮತ್ತೆ ಓದಲಿ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಇರುವುದರಿಂದ ಆ ಪದಗಳ ರೂಢಿ ಬೇಕು.

4. ಕೆಲವು ಕಡೆ, ಮುಖ್ಯವಾಗಿ ವಿದೇಶದಲ್ಲಿ, ‘ಈ ಓದು ನಿನಗೆ ಯಾಕೆ ಬೇಕು?’ ಎಂದು ಬರೆಯಲು ಹೇಳುತ್ತಾರೆ. ಬೇರೆಯವರದನ್ನು ನಕಲು ಮಾಡಬಾರದು. ತನ್ನ ಓಣಿಯ ನೀರಿನ ಕಥೆಯನ್ನೇ ಮಗಳು ಬರೆಯಲಿ. ಶಿಫಾರಸು ಪತ್ರ ಬೇಕಿದ್ದರೆ ಮೇಷ್ಟ್ರನ್ನು ಒಂದು ತಿಂಗಳು ಮೊದಲೇ ಕೇಳಲಿ.

ದುಡ್ಡಿಗೆ ಏನು ಮಾಡೋದು?

ಅರ್ಜಿ ಶುಲ್ಕ, ಪರೀಕ್ಷೆಗೆ ಹೋಗಿಬರುವ ಬಸ್ ಖರ್ಚಿಗೆ ಸಂಘದ ಆಂತರಿಕ ಸಾಲ ಸಾಕು. ಎರಡು ವರ್ಷದ ಫೀಸಿಗೆ ಮಾತ್ರ ವಾರದ ಕಂತಿನ ಖಾಸಗಿ ಸಾಲ ಮಾಡಬೇಡಿ. ಮಗಳು ಓದುತ್ತಿರುವಾಗಲೇ ಆ ಕಂತು ನಿಮ್ಮ ಕುತ್ತಿಗೆಗೆ ಬರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಓದು ಮುಗಿದ ಮೇಲೆ ಕಂತು ಕಟ್ಟಲು ಅವಕಾಶವಿದೆ. 2024ರಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಡಿ, ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಆಸ್ತಿ ಅಡವಿಡದೆ, ಜಾಮೀನಿಲ್ಲದೆ ಸಾಲ ಕೇಳಬಹುದು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಓದಿದ ಮೇಲೆ?

2004ರಲ್ಲಿ ಶುರುವಾದ ರೋಗ ಸರ್ವೇಕ್ಷಣಾ ಯೋಜನೆಯಡಿ ಜಿಲ್ಲೆಗಳಲ್ಲಿ ಸರ್ವೇಕ್ಷಣಾ ಘಟಕಗಳಿವೆ. ಮೆಡಿಕಲ್ ಕಾಲೇಜು, ಸಂಶೋಧನಾ ಸಂಸ್ಥೆ, ಔಷಧ ಕಂಪನಿಗಳಿಗೂ ಇಂಥವರು ಬೇಕು. ಮೊದಲು ಸಿಗುವ ಕೆಲಸ ಗುತ್ತಿಗೆಯದ್ದಾಗಿರಬಹುದು, ಇದನ್ನು ತಿಳಿದೇ ಹೆಜ್ಜೆ ಇಡಿ.

ಅಕ್ಕಂದಿರೇ, ವಾರವಾರ ಉಳಿತಾಯ ಬರೆದು, ಬಾಕಿ ಕೂಡಿಸಿ, ತಪ್ಪು ಎಲ್ಲಿದೆ ಎಂದು ಹುಡುಕುವವರು ನೀವು. ಲೆಕ್ಕ ಹೆಂಗಸರಿಗೆ ಬಾರದು ಎಂಬ ಮಾತನ್ನು ನಿಮ್ಮ ಸಂಘದ ಪುಸ್ತಕವೇ ಸುಳ್ಳು ಮಾಡಿದೆ. ನಿಮ್ಮ ಮಗಳಿಗೂ ಆ ಅವಕಾಶ ಕೊಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ:
- ನಮ್ಮ ಓಣಿಯಲ್ಲಿ ಮೇಲಿಂದ ಮೇಲೆ ಬರುವ ರೋಗ ಯಾವುದು? ಅದರ ಲೆಕ್ಕ ಯಾರ ಹತ್ತಿರ ಇದೆ?
- ನಮ್ಮ ಸದಸ್ಯೆಯರ ಮಕ್ಕಳಲ್ಲಿ ಪಿ.ಯು.ಸಿ., ಬಿ.ಎಸ್ಸಿ. ಓದುವವರು ಎಷ್ಟು ಮಂದಿ? ಅವರಲ್ಲಿ ಗಣಿತ ತೆಗೆದುಕೊಂಡವರು ಯಾರು?