ರಸ್ತೆ ಬದಿಯ ಹಳದಿ ಹೂವೆಲ್ಲ ಆವರಿಕೆ ಅಲ್ಲ: ಕೀಳೋ ಮುಂಚೆ ‘ಕಿವಿ’ ನೋಡಿ

ಪಾವಗಡ, ಶಿರಾ, ಮಧುಗಿರಿ ಕಡೆಯವರಿಗೆ ಆವರಿಕೆ ಗಿಡ ಹೊಸದೇನಲ್ಲ. ತಂಗಡಿ ಅಂತಲೂ ಕರೀತಾರೆ. ಮಳೆ ಕೈಕೊಟ್ಟರೂ ವರ್ಷಗಟ್ಟಲೆ ಬದುಕುವ ಪೊದೆ ಇದು. ಹಿಂದೆ ಇದರ ತೊಗಟೆ ಚರ್ಮ ಹದ ಮಾಡಲು ಹೋಗುತ್ತಿತ್ತು; ಈಗ ‘ಶುಗರ್‌ಗೆ ಒಳ್ಳೇದು’ ಅಂತ ಹೂವಿನ ಟೀ ಕುಡಿಯುವವರಿದ್ದಾರೆ. ಗ್ರಂಧಿಗೆ ಅಂಗಡಿಯಲ್ಲಿ ಒಣ ಹೂವೂ ಸಿಗುತ್ತದೆ.

ತೊಂದರೆ ಏನಪ್ಪಾ ಅಂದರೆ, ಅದೇ ರಸ್ತೆ ಬದಿಯಲ್ಲಿ ಐದೆಸಳಿನ ಹಳದಿ ಹೂ ಬಿಡುವ ಇನ್ನೂ ಎರಡು ಗಿಡಗಳಿವೆ. ಅದರಲ್ಲೊಂದು ಕಾಸಮರ್ದ, ಅಂದರೆ ದೊಡ್ಡ ತಗಚೆ. ಇದರ ಬೀಜ ಮಕ್ಕಳಿಗೆ ವಿಷ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಿದುಳು ಜ್ವರ ಎಂದು ತಿಳಿದಿದ್ದ, ಮಕ್ಕಳ ಜೀವ ತೆಗೆಯುತ್ತಿದ್ದ ಕಾಯಿಲೆಗೆ ಈ ಬೀಜ ತಿಂದದ್ದೇ ಕಾರಣವಿರಬೇಕು ಎಂದು ವೈದ್ಯರು 2007ರಲ್ಲಿ ವರದಿ ಮಾಡಿದ್ದರು.

ಗುರುತು ಹಿಡಿಯೋದು ಕಷ್ಟವಲ್ಲ. ಹೂ ಬಿಡಿ, ಎಲೆ ನೋಡಿ. ಆವರಿಕೆಯ ಎಲೆಕಡ್ಡಿ ಕೊಂಬೆಗೆ ಸೇರುವ ಕಡೆ ಕಿವಿಯಂಥ ಅಗಲವಾದ ಎಲೆಚೂರು ಅಂಟಿಕೊಂಡಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕಿಟ್ಟ ‘ಆರಿಕ್ಯುಲೇಟಾ’ ಹೆಸರಿಗೂ ಕಿವಿಯುಳ್ಳದ್ದು ಎಂದೇ ಅರ್ಥ. ಒಂದೊಂದು ಕಡ್ಡಿಯಲ್ಲಿ ಸಾಮಾನ್ಯವಾಗಿ 8ರಿಂದ 12 ಜೊತೆ ಸಣ್ಣ, ದುಂಡು ತುದಿಯ ಎಲೆ. ಕಾಯಿ ಕಾಗದದಂತೆ ಚಪ್ಪಟೆ.

ಕಾಸಮರ್ದಕ್ಕೆ ಆ ಕಿವಿ ಇಲ್ಲ. ಎಲೆ 4–5 ಜೊತೆ ಅಷ್ಟೆ, ತುದಿ ಚೂಪು. ಕೈಯಲ್ಲಿ ಉಜ್ಜಿದರೆ ಕೆಟ್ಟ ವಾಸನೆ. ಇನ್ನೊಂದು, ಮಳೆಗಾಲದಲ್ಲಿ ಹುಟ್ಟಿ ಒಣಗುವ ಮಾಮೂಲಿ ತಗಚೆ: ಮೂರೇ ಜೊತೆ ಎಲೆ, ದಾರದ ಹಾಗೆ ಉದ್ದನೆಯ ಕಾಯಿ. ಇದರ ಎಳೇ ಸೊಪ್ಪನ್ನು ಪಲ್ಯ ಮಾಡುವವರೂ ಇದ್ದಾರೆ.

ಎಸಳು ಒಣಗಿದ ಮೇಲೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಹಾಗಾಗಿ ಹಳ್ಳಿಯಿಂದ ಹೂ ತರುವವರ ಹತ್ತಿರ ಕೊಳ್ಳುವ ಅಂಗಡಿಯವರು ಎಲೆ ಸಮೇತ ಒಂದು ಕೊಂಬೆ ಕೇಳಿ ಇಸ್ಕೊಳ್ಳೋದು ವಾಸಿ. ಹೆದ್ದಾರಿ ಪಕ್ಕದ ಹೂವಂತೂ ಬೇಡವೇ ಬೇಡ, ಹೊಗೆ ಧೂಳು ಕುಡಿದಿರುತ್ತದೆ. ಶುಗರ್ ಮಾತ್ರೆ ನುಂಗುವವರು ಟೀ ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಬೇಕು. ಟೀ ನೆಚ್ಚಿಕೊಂಡು ಮಾತ್ರೆ ಬಿಡಬಾರದು.

ಆಡುವ ಮಕ್ಕಳು ಕಾಸಮರ್ದದ ಕಾಯಿ ಬಿಡಿಸಿ ತಿಂದದ್ದು ಗೊತ್ತಾದರೆ ವಾಂತಿ ಆಗಲಿ ಎಂದು ಕಾಯುವುದು ಬೇಡ. ಆ ಕಾಯಿಯನ್ನೂ ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.