ನಾಣ್ಯ ಯಾರ ಕೈಯಲ್ಲಿದೆ? ಕ್ರಿಪ್ಟೋ ವಿನಿಮಯ ಸಂಸ್ಥೆಗಳಲ್ಲಿ ಜಮೆ, ಹಿಂಪಡೆಯುವಿಕೆ ಮತ್ತು ಭದ್ರತೆ

2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ವಿನಿಮಯ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಆಸ್ತಿ ಅಪಹರಣವಾಯಿತು. ಅದು ಸಂಸ್ಥೆಯ ಬಳಿಯಿದ್ದ ಆಸ್ತಿಯ ಸುಮಾರು ಶೇ. 45ರಷ್ಟು. ಸ್ಥಗಿತಗೊಂಡ ವ್ಯವಹಾರವು ಸಿಂಗಪುರದ ನ್ಯಾಯಾಲಯ ಮಾನ್ಯ ಮಾಡಿದ ಯೋಜನೆಯಂತೆ ಪುನರಾರಂಭವಾದದ್ದು 2025ರ ಅಕ್ಟೋಬರ್‌ನಲ್ಲಿ. ವಹಿವಾಟಿನ ಮಿಗುತಾಯ ಹಣವನ್ನು ಇಂತಹ ಸಂಸ್ಥೆಗಳಲ್ಲಿ ತೊಡಗಿಸುವ ವರ್ತಕರು ಅವುಗಳ ಕಾರ್ಯವಿಧಾನವನ್ನು ಅರಿಯುವುದು ಅವಶ್ಯ.

ಗ್ರಾಹಕನು ಪಾವತಿಸಿದ ರೂಪಾಯಿ ಸಂಸ್ಥೆಯ ಬ್ಯಾಂಕ್ ಖಾತೆಗೆ ಸೇರುತ್ತದೆ. ಗ್ರಾಹಕನ ಹೆಸರಿನಲ್ಲಿ ಸಂಸ್ಥೆಯ ಪುಸ್ತಕದಲ್ಲಿ ಅಷ್ಟು ಜಮೆ ಬೀಳುತ್ತದೆ. ನಂತರ ಆತ ಬಿಟ್‌ಕಾಯಿನ್ ಕೊಂಡರೂ ಸಾಮಾನ್ಯವಾಗಿ ಅದು ಆ ಪುಸ್ತಕದೊಳಗಿನ ಖರ್ಚು-ಜಮೆ ಮಾತ್ರ. ಬ್ಲಾಕ್‌ಚೈನ್‌ನಲ್ಲಿ ಏನೂ ಚಲಿಸಿರುವುದಿಲ್ಲ. ಮಂಡಿಯ ಸಾಹುಕಾರನ ಖಾತೆಯಲ್ಲಿ ಬಾಕಿ ಇರುವುದಕ್ಕೂ ಸರಕು ಸ್ವಂತ ಗೋದಾಮಿನಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ನಾಣ್ಯವನ್ನೇ ಜಮೆ ಮಾಡುವಾಗ ಸಂಸ್ಥೆ ನೀಡಿದ ವಿಳಾಸಕ್ಕೆ ಕಳುಹಿಸಬೇಕು. ಜಾಲದಲ್ಲಿ ನಿಗದಿತ ಸಂಖ್ಯೆಯ ದೃಢೀಕರಣಗಳಾದ ಮೇಲಷ್ಟೇ ಖಾತೆಗೆ ಜಮೆ. ಎಕ್ಸ್‌ಆರ್‌ಪಿಯಂತಹ ನಾಣ್ಯಗಳಿಗೆ ವಿಳಾಸದೊಡನೆ ಟ್ಯಾಗ್ ಸಂಖ್ಯೆಯೂ ಬೇಕು. ತಪ್ಪು ಜಾಲದ ಮೂಲಕ ಕಳುಹಿಸಿದ್ದು ಮರಳಿ ಬರುವ ಭರವಸೆಯಿಲ್ಲ. ಚೆಕ್ಕಿನಂತೆ ಪಾವತಿ ತಡೆಹಿಡಿಸುವ ಸೌಲಭ್ಯ ಇಲ್ಲಿಲ್ಲ.

ದಿನನಿತ್ಯದ ಪಾವತಿಗೆ ಬೇಕಾದಷ್ಟನ್ನು ಅಂತರ್ಜಾಲಕ್ಕೆ ಜೋಡಿಸಿದ 'ಹಾಟ್ ವ್ಯಾಲೆಟ್'ನಲ್ಲಿಯೂ ಉಳಿದದ್ದನ್ನು ಜಾಲದಿಂದ ಹೊರಗಿನ 'ಕೋಲ್ಡ್ ವ್ಯಾಲೆಟ್'ನಲ್ಲಿಯೂ ಇರಿಸುವುದು ರೂಢಿ. ಅಂಗಡಿಯ ಗಲ್ಲಾಪೆಟ್ಟಿಗೆ ಮತ್ತು ತಿಜೋರಿ ಎನ್ನಬಹುದು. ತಿಜೋರಿ ತೆರೆಯಲು ಹಲವರ ಸಹಿ ಬೇಕು. ವಜೀರ್‌ಎಕ್ಸ್‌ನ ವ್ಯಾಲೆಟ್‌ಗೆ ಆರು ಸಹಿದಾರರಿದ್ದರು; ಐವರು ಸಂಸ್ಥೆಯವರು, ಒಬ್ಬರು ಪಾಲನಾ ಸಂಸ್ಥೆಯವರು. ಪರದೆಯ ಮೇಲೆ ಕಂಡ ವ್ಯವಹಾರವೇ ಬೇರೆ, ವಾಸ್ತವವಾಗಿ ಸಹಿಯಾದದ್ದೇ ಬೇರೆ ಎಂದು ಸಂಸ್ಥೆ ತಿಳಿಸಿತು. ಓದದೆ ರುಜು ಹಾಕಿದ ಖಾಲಿ ವೋಚರಿನ ಅಪಾಯ ಯಂತ್ರಯುಗದಲ್ಲಿಯೂ ತಪ್ಪಿಲ್ಲ!

ಅಪಹೃತವಾದವು ಇಥೀರಿಯಂ ಆಧಾರಿತ ಟೋಕನ್‌ಗಳು. ಆದರೆ ನಷ್ಟವನ್ನು ಎಲ್ಲ ಗ್ರಾಹಕರಿಗೂ ಹಂಚುವ ಪ್ರಶ್ನೆ ಎದ್ದಿತು. ಎಕ್ಸ್‌ಆರ್‌ಪಿ ಹೊಂದಿದ್ದ ಗ್ರಾಹಕರೊಬ್ಬರ ಅರ್ಜಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು 2025ರ ಅಕ್ಟೋಬರ್‌ನಲ್ಲಿ, ಕ್ರಿಪ್ಟೋ ನಾಣ್ಯವು ಆಸ್ತಿಯೇ, ಅದನ್ನು ನ್ಯಾಸರೂಪದಲ್ಲಿ ಹೊಂದಲು ಸಾಧ್ಯ ಎಂದು ಹೇಳಿ ಮಧ್ಯಂತರ ರಕ್ಷಣೆ ನೀಡಿತು. ಇದು ಸ್ವಾಗತಾರ್ಹ. ಆದರೂ ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿಗಳ ವಿಮೆ ಇಲ್ಲಿ ಅನ್ವಯಿಸುವುದಿಲ್ಲ.

ಗ್ರಾಹಕನ ಕೈಯಲ್ಲಿರುವ ರಕ್ಷಣೆಗಳೂ ಕೆಲವಿವೆ. ಮೊಬೈಲ್ ಸಂದೇಶದ ಒಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ಮೇಲು, ಏಕೆಂದರೆ ವಂಚಕರು ನಕಲಿ ಸಿಮ್ ಪಡೆದು ಸಂದೇಶವನ್ನು ಕಬಳಿಸಬಲ್ಲರು. ಪೂರ್ವಾನುಮೋದಿತ ವಿಳಾಸಗಳಿಗೆ ಮಾತ್ರ ಹಿಂಪಡೆಯುವಿಕೆಯನ್ನು ಸೀಮಿತಗೊಳಿಸುವ ಸೌಲಭ್ಯವಿದ್ದರೆ ಬಳಸಬೇಕು. ಪಾಲುದಾರಿಕೆಯ ಹಣವನ್ನು ಒಬ್ಬ ಪಾಲುದಾರನ ವೈಯಕ್ತಿಕ ಖಾತೆಯಲ್ಲಿ ತೊಡಗಿಸುವುದು ಅನಾಹುತಕ್ಕೆ ಆಹ್ವಾನ.

ಲೆಕ್ಕದ ದೃಷ್ಟಿಯಿಂದ, 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ. 30 ತೆರಿಗೆಯಿದ್ದು, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈನಿಂದ ಮಾರಾಟದ ಮೇಲೆ ಶೇ. 1 ಮೂಲದಲ್ಲಿಯೇ ಕಡಿತವಾಗುತ್ತದೆ. ಸಂಸ್ಥೆ ಬಾಗಿಲು ಮುಚ್ಚಿದರೆ ವ್ಯವಹಾರದ ದಾಖಲೆ ದೊರೆಯದಿರಬಹುದಾದ್ದರಿಂದ, ಪ್ರತಿ ತಿಂಗಳ ಖಾತಾ ವಿವರವನ್ನು ಇಳಿಸಿಕೊಂಡು ಬ್ಯಾಂಕ್ ಪುಸ್ತಕದೊಡನೆ ತಾಳೆ ನೋಡಿ ಫೈಲಿನಲ್ಲಿಡುವುದು ಲೇಸು.