ಕೆಂಪು ಹಾಕಲ್ವಾ ಅಣ್ಣಾ?

ಸಂಜೆ ಐದೂವರೆ. ಟ್ಯೂಷನ್ ಬಿಟ್ಟ ಹುಡುಗರು ಗೋಬಿ ಗಾಡಿಗೆ ಮುತ್ತಿಕೊಂಡಿದ್ದಾರೆ. ಮೈದಾ, ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿದ ಹೂಕೋಸು ಎಣ್ಣೆಗೆ ಬಿದ್ದು ಚುರ್ ಎನ್ನುತ್ತದೆ. ಪಕ್ಕದ ಬಾಣಲೆಯಲ್ಲಿ ಈರುಳ್ಳಿ, ಕ್ಯಾಪ್ಸಿಕಂ, ಸೋಯಾ ಸಾಸ್. ಪ್ಲೇಟು ಕೈಗೆ ಬಂದಿದ್ದೇ ಒಬ್ಬ ಹುಡುಗ ಮುಖ ಸಿಂಡರಿಸಿದ: ‘ಇದೇನಣ್ಣಾ, ಕೆಂಪು ಹಾಕಲ್ವಾ?’

‘ಬ್ಯಾನ್ ಆಗಿದೆ ಕಣಪ್ಪಾ.’

ಆಗಿದ್ದು 2024ರ ಮಾರ್ಚ್‌ನಲ್ಲಿ. ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಂಚೂರಿಯನ್ ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯಲ್ಲಂತೂ ಬಟ್ಟೆಗೆ ಹಾಕುವ ರೋಡಮೈನ್-ಬಿ. ಬಣ್ಣಕ್ಕೇ ಹೆಸರಾದ ಮೆಣಸಿನಕಾಯಿ ಬೆಳೆಯುವ ಬ್ಯಾಡಗಿ ಇರುವುದು ನಮ್ಮಲ್ಲೇ ಎಂಬುದು ಬೇರೆ ಮಾತು!

ಅಂದಹಾಗೆ, ಮಂಚೂರಿಯನ್‌ಗೂ ಮಂಚೂರಿಯಾಕ್ಕೂ ಸಂಬಂಧವಿಲ್ಲ. 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಲ್ಕತ್ತ ಮೂಲದ ನೆಲ್ಸನ್ ವಾಂಗ್ ಚಿಕನ್ನಿನಲ್ಲಿ ಮಾಡಿದ ತಿನಿಸದು. ಹೂಕೋಸಿಗೆ ಬದಲಾದ ಮೇಲೆ ‘ತರಕಾರಿ ತಾನೇ’ ಎಂಬ ಸಮಾಧಾನವೂ ಜತೆಗೆ ಬಂತು.

ಬಣ್ಣ ಕಣ್ಣಿಗೆ ಕಾಣುತ್ತದೆ, ಸಿಕ್ಕಿಬಿತ್ತು. ನನಗೆ ಹೆಚ್ಚು ಅಂಜಿಕೆ ಎಣ್ಣೆಯದು. ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಚೆಲ್ಲಬೇಕೆಂಬ ನಿಯಮ 2018ರ ಜುಲೈನಿಂದಲೇ ಇದೆ. ಗಾಡಿಯ ಬಾಣಲೆಗೆ ಮೀಟರ್ ಹಿಡಿಯುವವರು ಯಾರು? ಉಪ್ಪಿನ ಲೆಕ್ಕವೂ ಹೀಗೇ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ. ದೊಡ್ಡ ಚಮಚ ಸೋಯಾ ಸಾಸ್ ಒಂದರಲ್ಲೇ 2 ಗ್ರಾಂ ಮೀರಿ ಹೋಗಿರುತ್ತದೆ. ಅದರ ಮೇಲೆ ಚಿಲ್ಲಿ ಸಾಸ್, ಅಜಿನೊಮೊಟೊ, ಮತ್ತೊಂದು ಚಿಟಿಕೆ ಉಪ್ಪು. ವಾರಕ್ಕೊಮ್ಮೆ ತಿಂದರೆ ಹೇಗೋ ಆದೀತು. ಈ ಹುಡುಗರು ಬರುವುದು ದಿನಾ.

ಬರದೆ ಏನು ಮಾಡಿಯಾರು? ಅಪ್ಪ ಅಮ್ಮ ಇಬ್ಬರೂ ಮನೆ ಸೇರುವುದು ಎಂಟಕ್ಕೆ. ಅವಲಕ್ಕಿ ಒಗ್ಗರಣೆಗೆ ಹತ್ತು ನಿಮಿಷ ಸಾಕು, ನಿಜ. ಆ ಹತ್ತು ನಿಮಿಷಕ್ಕೆ ಮನೆಯಲ್ಲಿ ಯಾರಾದರೂ ಇರಬೇಕಲ್ಲ. ಪಿ.ಜಿ.ಯಲ್ಲಿರುವವರಿಗಂತೂ ಒಲೆಯೇ ಇಲ್ಲ. ಮೊದಲು ಅಜ್ಜಿಯ ಡಬ್ಬಿಯಲ್ಲಿರುತ್ತಿದ್ದ ಚಕ್ಕುಲಿ, ಮಂಡಕ್ಕಿಯ ಜಾಗಕ್ಕೆ ಗಾಡಿ ಬಂದು ನಿಂತಿದೆ. ಗಾಡಿಯವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವನ ಮಕ್ಕಳ ಫೀಸೂ ಇದೇ ಬಾಣಲೆಯಿಂದ ಹುಟ್ಟಬೇಕು.

ಹುಡುಗನ ಮುನಿಸು ನೋಡಲಾರದೆ ಗಾಡಿಯವನು ಅಚ್ಚಖಾರದ ಪುಡಿ ಉದುರಿಸಿ ಇನ್ನೊಮ್ಮೆ ತಿರುವಿದ. ‘ಈಗ ಕೆಂಪಾಯ್ತಾ?’ ಹುಡುಗ ನಕ್ಕ. ಎಣ್ಣೆ ತಳ ಕಂಡಿತ್ತು. ಗಾಡಿಯವನು ಪ್ಯಾಕೆಟ್ ಕತ್ತರಿಸಿ, ಕಪ್ಪಗಾಗಿದ್ದ ಎಣ್ಣೆಯ ಮೇಲೆಯೇ ಹೊಸದನ್ನು ಸುರಿದ.